ಪೈಪಿನ ಮೇಲೊಂದು ತುಂಟ ಕಾಲು: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳಿಗೆ ತೋರಿಸಬಹುದಾದ ಹಳೆಯ ಚಿತ್ರಗಳ ಮಾತು ಬಂದಾಗ, 1895ರಲ್ಲಿ ಫ್ರಾನ್ಸಿನ ಲೂಯಿ ಲೂಮಿಯೇರ್ ತೆಗೆದ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಮೂಕಿ ಹಾಸ್ಯಚಿತ್ರವನ್ನು ನಾಲ್ಕು ಸಾಲುಗಳಲ್ಲಿ ಪ್ರಸ್ತಾಪಿಸಿದ್ದೆ. ಫ್ರೆಂಚಿನಲ್ಲಿ ಅದರ ಹೆಸರು 'ಲಾರೋಸರ್ ಆರೋಸೆ'. ಕನ್ನಡದಲ್ಲಿ 'ನೀರೆರೆದವನೇ ನೆನೆದ' ಎನ್ನಬಹುದು. ಆ ನಾಲ್ಕು ಸಾಲುಗಳಿಗೆ ಮೈಸೂರು ಮತ್ತು ಮಂಡ್ಯದ ಓದುಗರಿಂದ ಬಂದಿರುವ ಪತ್ರಗಳನ್ನು ನೋಡಿ ಸಂತೋಷವಾಯಿತು. ಹೀಗಾಗಿ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದೊಂದೇ ಚಿತ್ರಕ್ಕೂ ಅದರ ಬಳಗದವಕ್ಕೂ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಬೇಸಿಗೆ ಶಿಬಿರದಲ್ಲಿ ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿದ್ದಾರೆ. ತಾವು ಹೇಳಿದ ತೋಟಗಾರನ ಚಿತ್ರ ಒಂದು ನಿಮಿಷವೂ ಇಲ್ಲ, ಮಾತೂ ಇಲ್ಲ. ಅದರಲ್ಲಿ ಮಕ್ಕಳಿಗೆ ಸಿಗುವುದೇನು? ತೋರಿಸುವ ಮೊದಲು ಕಥೆಯನ್ನು ವಿವರಿಸಬೇಕೆ?
– ಶಿಕ್ಷಕಿ, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ವಿವರಿಸಬೇಡಿ. ಚಿತ್ರದಲ್ಲಿ ನಡೆಯುವುದು ಇಷ್ಟೆ. ತೋಟಗಾರನೊಬ್ಬ ಉದ್ದನೆಯ ಪೈಪು ಹಿಡಿದು ಗಿಡಗಳಿಗೆ ನೀರು ಹಾಯಿಸುತ್ತಿದ್ದಾನೆ. ಹುಡುಗನೊಬ್ಬ ಅವನ ಬೆನ್ನ ಹಿಂದಿನಿಂದ ಬಂದು ಪೈಪನ್ನು ತುಳಿಯುತ್ತಾನೆ. ನೀರು ನಿಂತಿತಲ್ಲ ಎಂದು ತೋಟಗಾರ ಪೈಪಿನ ಮೂತಿಯನ್ನು ಮುಖದ ಹತ್ತಿರ ತಂದು ಇಣುಕುತ್ತಾನೆ. ಹುಡುಗ ಕಾಲೆತ್ತುತ್ತಾನೆ, ನೀರು ಮುಖಕ್ಕೆ ರಾಚುತ್ತದೆ, ಟೋಪಿ ಹಾರಿಬೀಳುತ್ತದೆ. ಆಮೇಲೆ ತೋಟಗಾರ ಹುಡುಗನನ್ನು ಅಟ್ಟಿಸಿಕೊಂಡು ಹೋಗಿ ಹಿಡಿದು, ಎಳೆತಂದು, ಹಿಂಭಾಗಕ್ಕೆ ಬಾರಿಸಿ ಬಿಟ್ಟು, ಮತ್ತೆ ಪೈಪನ್ನು ಕೈಗೆತ್ತಿಕೊಳ್ಳುತ್ತಾನೆ. ಇದನ್ನು ನಾವು ಮೊದಲೇ ಹೇಳಿಬಿಟ್ಟರೆ ಮಕ್ಕಳಿಗೆ ನೋಡುವ ಕೆಲಸವನ್ನೇ ಇಲ್ಲವಾಗಿಸಿದಂತೆ.

ಕೆಲವು ವರ್ಷಗಳ ಹಿಂದೆ ಮದ್ದೂರಿನ ಬಳಿಯ ಹಳ್ಳಿಯೊಂದರ ಶಾಲೆಯಲ್ಲಿ, ಸುಣ್ಣ ಬಳಿದ ಗೋಡೆಯ ಮೇಲೆ, ಒಂದು ಪುಟ್ಟ ಪ್ರೊಜೆಕ್ಟರಿನಿಂದ ಈ ಚಿತ್ರವನ್ನು ನಾನೇ ತೋರಿಸಿದ್ದೆ. ಹುಡುಗ ಪೈಪಿನ ಮೇಲೆ ಕಾಲಿಟ್ಟ ಕ್ಷಣದಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬ ಪುಟ್ಟ "ಅಣ್ಣೋ, ಹಿಂದುಕ್ಕೆ ನೋಡು!" ಎಂದು ಗೋಡೆಯ ಮೇಲಿನ ತೋಟಗಾರನಿಗೆ ಕೂಗಿ ಹೇಳಿದ. ಪಕ್ಕದಲ್ಲಿದ್ದವನು ಅವನ ಬಾಯಿ ಮುಚ್ಚಿ "ಸುಮ್ಕಿರ್ಲಾ, ಯೋಳ್ಬ್ಯಾಡ!" ಎಂದ. ಇಡೀ ಕೋಣೆ ಎರಡು ಪಕ್ಷವಾಯಿತು. ಮಕ್ಕಳ ಬೇಡಿಕೆಯಂತೆ ಚಿತ್ರವನ್ನು ಏಳು ಬಾರಿ ಹಾಕಿದೆ. ಏಳನೆಯ ಸಲವೂ ನಗು ಹೊಮ್ಮಿದ್ದು ನೀರು ಚಿಮ್ಮಿದಾಗಲ್ಲ, ಅದಕ್ಕೂ ಮುಂಚೆ, ತೋಟಗಾರ ಪೈಪಿನ ಮೂತಿಯತ್ತ ಬಗ್ಗಿದಾಗ. ಈ ಚಿತ್ರದ ಬಗ್ಗೆ ನಾನು ಓದಿದ್ದೆಲ್ಲಕ್ಕಿಂತ ಹೆಚ್ಚಿನದನ್ನು ಆ ಸಂಜೆ ಆ ಮಕ್ಕಳಿಂದ ಕಲಿತೆ.

ಅವರು ಅಲ್ಲಿಯೇ ನಕ್ಕದ್ದಕ್ಕೆ ಕಾರಣವಿದೆ. ಕ್ಯಾಮೆರಾ ಒಂದೇ ಕಡೆ ನಿಂತಿದೆ, ಎಲ್ಲಿಯೂ ಕತ್ತರಿ ಬಿದ್ದಿಲ್ಲ. ತೋಟಗಾರನೂ ಹುಡುಗನೂ ಒಂದೇ ಚೌಕಟ್ಟಿನೊಳಗೆ ನಮಗೆ ಕಾಣುತ್ತಿದ್ದಾರೆ. ತೋಟಗಾರನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿದೆ, ಮತ್ತು ನಮಗೆ ಗೊತ್ತಿರುವುದನ್ನು ಅವನಿಗೆ ಹೇಳಲು ಸಾಧ್ಯವಿಲ್ಲ. ಹೀಗೆ ಹುಡುಗ ಮಾಡುವ ಚೇಷ್ಟೆಯಲ್ಲಿ ನೋಡುವವರಿಗೂ ಒಂದು ಪಾಲು ಸಿಕ್ಕಿಬಿಡುತ್ತದೆ. ಬಾಯಿ ಮುಚ್ಚಿಸಿದ ಆ ಹುಡುಗ ಮಾಡಿದ್ದೂ ಅದನ್ನೇ: ಅವನು ಪೈಪು ತುಳಿದವನ ಜೊತೆಗಾರನಾಗಿದ್ದ. ಮುಂದೆ ಬಂದ ಎಷ್ಟೋ ಹಾಸ್ಯಚಿತ್ರಗಳು ಹತ್ತು ರೀಲುಗಳಲ್ಲಿ ಮಾಡಿದ್ದನ್ನು ಲೂಮಿಯೇರ್ ಒಂದು ಪೈಪು, ಒಂದು ಕಾಲು, ಒಂದು ಟೋಪಿ ಇಟ್ಟುಕೊಂಡು ಮಾಡಿ ಮುಗಿಸಿದ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇನ್ನೊಂದು ಸೂಕ್ಷ್ಮವನ್ನು ತಾವು ಗಮನಿಸಬೇಕು. ಓಡಿದ ಹುಡುಗನನ್ನು ತೋಟಗಾರ ಹಿಡಿದಲ್ಲಿಯೇ ಹೊಡೆಯುವುದಿಲ್ಲ, ನಮಗೆ ಚೆನ್ನಾಗಿ ಕಾಣುವ ಜಾಗಕ್ಕೆ ಎಳೆದು ತರುತ್ತಾನೆ. ನಿಜವಾಗಿ ಕೋಪ ಬಂದವನಿಗೆ ಈ ಎಚ್ಚರ ಇರುವುದಿಲ್ಲ. ಅಂದರೆ ಇದು ಕಣ್ಣಿಗೆ ಬಿದ್ದ ಘಟನೆಯನ್ನು ಹಿಡಿದದ್ದಲ್ಲ, ಯೋಚಿಸಿ ಆಡಿಸಿದ ಆಟ. ತೋಟಗಾರನಾಗಿ ಕಾಣಿಸಿಕೊಂಡಿರುವ ಫ್ರಾಂಸ್ವಾ ಕ್ಲೆರ್ ನಟನಲ್ಲ, ಲೂಮಿಯೇರ್ ಮನೆತನದ ತೋಟಗಾರನೇ. ಪೈಪನ್ನು ಹಿಡಿದಿರುವ ಆ ಕೈಗಳ ಸಲೀಸು ಬೇರೆ ಯಾರಿಗೂ ಬರುತ್ತಿರಲಿಲ್ಲ. ಇಂಥದೇ ಚೇಷ್ಟೆಯ ವ್ಯಂಗ್ಯಚಿತ್ರ ಮಾಲಿಕೆಗಳು ಆ ಹಿಂದಿನ ವರ್ಷಗಳಲ್ಲಿ ಫ್ರಾನ್ಸಿನ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದವು, ಆದ್ದರಿಂದ ನಗೆಯ ವಸ್ತು ಜನರಿಗೆ ಹೊಸದಾಗಿರಲಿಲ್ಲ. ನೀರು ನಿಜವಾಗಿ ಚಿಮ್ಮಿದ್ದು ಹೊಸದಾಗಿತ್ತು.

1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರಾಂಡ್ ಕಫೆಯ ನೆಲಮಾಳಿಗೆಯಲ್ಲಿ ಹಣ ಕೊಟ್ಟು ನೋಡುವ ಮೊದಲ ಲೂಮಿಯೇರ್ ಪ್ರದರ್ಶನ ನಡೆಯಿತು. ಆ ಕೋಣೆಯ ಹೆಸರು 'ಇಂಡಿಯನ್ ಸಲೂನ್' ಎಂದಿದ್ದದ್ದು ನಮಗೊಂದು ಸ್ವಾರಸ್ಯ. ಪ್ರವೇಶಕ್ಕೆ ಒಂದು ಫ್ರಾಂಕ್. ಹಣ ಕೊಟ್ಟು ಬಂದವರು 33 ಮಂದಿ. ಹತ್ತು ಕಿರುಚಿತ್ರಗಳ ಪಟ್ಟಿಯಲ್ಲಿ ಇದು ಆರನೆಯದು, ಅಂದು ಇದಕ್ಕಿದ್ದ ಹೆಸರು ಬರಿಯ 'ತೋಟಗಾರ'. ಅದಕ್ಕೆ ಮೊದಲು ಎಡಿಸನ್ನನ ಕಂಪನಿಯ ಕೈನೆಟೊಸ್ಕೋಪ್ ಎಂಬ ಪೆಟ್ಟಿಗೆಯಿತ್ತು, ಆದರೆ ಅದರ ಕಿಂಡಿಯಲ್ಲಿ ಒಂದು ಸಲಕ್ಕೆ ಒಬ್ಬರೇ ಇಣುಕಿ ನೋಡಬೇಕಾಗಿತ್ತು. ಒಬ್ಬರೇ ನೋಡಿ ನಗುವುದಕ್ಕೂ ಕತ್ತಲಲ್ಲಿ ಪಕ್ಕದವರ ಭುಜ ಅಲುಗುವುದು ತಿಳಿಯುತ್ತಾ ನಗುವುದಕ್ಕೂ ಬಹಳ ಅಂತರವಿದೆ. 1896ರಲ್ಲಿ ಮಾರ್ಸೆಲಾಂ ಓಜೋಲ್ ಎಂಬ ಕಲಾವಿದ ಈ ಚಿತ್ರವನ್ನೇ ಇಟ್ಟುಕೊಂಡು ಬರೆದ ಭಿತ್ತಿಪತ್ರ, ಚಿತ್ರವೊಂದರ ದೃಶ್ಯವನ್ನು ತೋರಿಸಿದ ಮೊದಲ ಸಿನಿಮಾ ಪೋಸ್ಟರ್ ಎನಿಸಿಕೊಂಡಿದೆ. ಅದರಲ್ಲಿ ಪರದೆಯ ಮೇಲೆ ನೆನೆಯುತ್ತಿರುವ ತೋಟಗಾರನ ಜೊತೆಗೆ, ಪರದೆಯ ಮುಂದೆ ಕುಳಿತು ನಗುತ್ತಿರುವ ಜನರೂ ಇದ್ದಾರೆ.

ಆದ್ದರಿಂದ ತಮ್ಮ ಶಿಬಿರದಲ್ಲಿ ಮಕ್ಕಳ ಕೈಗೆ ಒಂದೊಂದು ಮೊಬೈಲ್ ಕೊಟ್ಟು ತೋರಿಸಬೇಡಿ. ಎಲ್ಲರೂ ಒಟ್ಟಿಗೆ ಕುಳಿತು ಒಂದೇ ಗೋಡೆಯನ್ನು ನೋಡಲಿ. ಅಂತರ್ಜಾಲದಲ್ಲಿ ಸಿಗುವ ಪ್ರತಿಗಳಿಗೆ ಯಾರೋ ಅಂಟಿಸಿರುವ ಪಿಯಾನೋ ಸಂಗೀತವಿದ್ದರೆ ಅದನ್ನು ನಿಲ್ಲಿಸಿ. ಆ ಸಂಗೀತ ಎಲ್ಲಿ ನಗಬೇಕೆಂದು ಮುಂಚಿತವಾಗಿ ಸೂಚನೆ ಕೊಟ್ಟುಬಿಡುತ್ತದೆ. ಎರಡನೆಯ ಸಲ ಹಾಕಿದಾಗ ಹುಡುಗನನ್ನು ಮಾತ್ರ ನೋಡಿ ಎನ್ನಿ, ಮೂರನೆಯ ಸಲ ತೋಟಗಾರನನ್ನು ಮಾತ್ರ. ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಾರೆ.

ಪ್ರಶ್ನೆ: ನಾನು ಕಬ್ಬು ಬೆಳೆಗಾರ. ನನ್ನ ಸಂಶಯ ಸಿನಿಮಾದ್ದಲ್ಲ, ನೀರಿನದು. ಒಬ್ಬ ಹುಡುಗನ ಕಾಲಿನಿಂದ ನೀರು ನಿಲ್ಲಬಹುದು, ಸರಿ. ಆದರೆ ಕಾಲೆತ್ತಿದಾಗ ಟೋಪಿ ಹಾರುವಷ್ಟು ರಭಸ ಎಲ್ಲಿಂದ ಬಂತು? ಅದು ಚಿತ್ರಕ್ಕಾಗಿ ಮಾಡಿದ ತಂತ್ರವಲ್ಲವೆ?
– ಓದುಗರು, ಮಂಡ್ಯ ತಾಲ್ಲೂಕು

ಉತ್ತರ: ತಂತ್ರದ ಅಗತ್ಯವೇ ಇಲ್ಲ, ನೀರಿನ ಸ್ವಭಾವವೇ ಅದು. ಪೈಪಿನಲ್ಲಿ ನೀರು ಹರಿಯುತ್ತಿರುವಾಗ ಅದರ ಒತ್ತಡದ ಒಂದು ಭಾಗ ಪೈಪಿನ ಗೋಡೆಗಳೊಂದಿಗಿನ ತಿಕ್ಕಾಟದಲ್ಲಿ ಕಳೆದುಹೋಗುತ್ತದೆ. ಅದಕ್ಕಾಗಿಯೇ ಪಂಪ್‌ಸೆಟ್ಟಿನ ಬುಡದಲ್ಲಿರುವ ಜೋರು ಗದ್ದೆಯ ಕೊನೆಯಲ್ಲಿ ಇರುವುದಿಲ್ಲ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಡುಗ ಪೈಪನ್ನು ತುಳಿದು ಹರಿವನ್ನು ನಿಲ್ಲಿಸಿದಾಗ ತಿಕ್ಕಾಟದಿಂದಾಗುವ ನಷ್ಟವೂ ನಿಲ್ಲುತ್ತದೆ, ಮೂಲದಲ್ಲಿರುವ ಪೂರ್ತಿ ಒತ್ತಡ ಅವನ ಕಾಲಿನವರೆಗೂ ಬಂದು ಕಾಯುತ್ತದೆ. ರಬ್ಬರಿನಂಥ ಮೆತ್ತನೆಯ ಪೈಪಾದರೆ ಕಾಲಿನ ಹಿಂದಿನ ಭಾಗ ಸ್ವಲ್ಪ ಉಬ್ಬಿ ಹೆಚ್ಚಿನ ನೀರನ್ನೂ ಹಿಡಿದುಕೊಳ್ಳುತ್ತದೆ. ಕಾಲೆತ್ತಿದ ಮೊದಲ ಕ್ಷಣದಲ್ಲಿ ಆ ಪೂರ್ತಿ ಒತ್ತಡವೂ ಉಬ್ಬಿದ್ದ ಪೈಪು ಕುಗ್ಗುವ ನೂಕೂ ಸೇರಿ ನೀರನ್ನು ತಳ್ಳುತ್ತವೆ. ಆಮೇಲೆ ಹರಿವು ಎಂದಿನ ಮಟ್ಟಕ್ಕೆ ಬರುತ್ತದೆ. ಇದರ ಮೇಲೆ ತೋಟಗಾರನ ಕೈಯಲ್ಲಿರುವ ಮೂತಿ ಕಿರಿದಾಗಿರುವುದರಿಂದ ಹೊರಬರುವ ನೀರಿನ ವೇಗ ಇನ್ನೂ ಹೆಚ್ಚು.

ಮೈಸೂರಿನ ಕುಪ್ಪಣ್ಣ ಉದ್ಯಾನದಲ್ಲಿ ದಸರಾ ಫಲಪುಷ್ಪ ಪ್ರದರ್ಶನಕ್ಕೆ ಮುಂಚಿನ ದಿನಗಳಲ್ಲಿ ಬೆಳಗ್ಗೆ ನಡೆದಾಡಿದವರು ಇದನ್ನು ಕಂಡಿರುತ್ತಾರೆ. ಒಂದು ಪಾತಿಯಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಸಲವೂ ನಲ್ಲಿಯ ತನಕ ನಡೆಯಲಾಗದೆ ಮಾಲಿಗಳು ಪೈಪನ್ನು ಮಡಚಿ ಹಿಡಿದು ನೀರು ನಿಲ್ಲಿಸುತ್ತಾರೆ. ಬಿಡುವಾಗ ಮಾತ್ರ ಮೂತಿಯನ್ನು ನೆಲದ ಕಡೆಗೆ ತಿರುಗಿಸಿಕೊಂಡು ಬಿಡುತ್ತಾರೆ. ಲೂಮಿಯೇರನ ಹುಡುಗನ ಕಾಲಿಗೆ ತಿಳಿದಿದ್ದದ್ದು ಇವರ ಕೈಗಳಿಗೂ ತಿಳಿದಿದೆ. ಮದ್ದೂರಿನ ಮಕ್ಕಳು ವಿವರಣೆಯಿಲ್ಲದೆ ಚಿತ್ರವನ್ನು ಅರ್ಥ ಮಾಡಿಕೊಂಡದ್ದಕ್ಕೂ ಇದೇ ಕಾರಣ ಎನಿಸುತ್ತದೆ. ನಾಲೆ, ಪಂಪು, ಪೈಪುಗಳ ನಡುವೆ ಬೆಳೆದ ಮಂಡ್ಯ ಜಿಲ್ಲೆಯ ಮಗುವಿಗೆ ನಿಂತ ನೀರು ಮತ್ತೆ ಬರುವಾಗ ಹೇಗೆ ಬರುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಹಳೆಯ ಮೂಕಿ ಚಿತ್ರಗಳಲ್ಲಿ ಎಲ್ಲರೂ ಕೀಲುಗೊಂಬೆಗಳಂತೆ ಓಡಾಡುವುದೇಕೆ? ಆ ಕಾಲದ ಹಾಸ್ಯದ ರೀತಿಯೇ ಅದಾಗಿತ್ತೆ?
– ನಿವೃತ್ತ ಉದ್ಯೋಗಿ, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲ, ಬಹುಪಾಲು ಅದು ನಮ್ಮ ಕಾಲದ ತಪ್ಪು. ಲೂಮಿಯೇರ್ ಸಹೋದರರ ಸಿನಿಮಟೊಗ್ರಾಫ್ ಯಂತ್ರವನ್ನು ಕೈಯಿಂದ ತಿರುಗಿಸಬೇಕಿತ್ತು. ಹಿಡಿಯ ಒಂದು ಸುತ್ತಿಗೆ ಎಂಟು ಬಿಡಿ ಚಿತ್ರಗಳು (ಫ್ರೇಮುಗಳು), ಸೆಕೆಂಡಿಗೆ ಎರಡು ಸುತ್ತು, ಒಟ್ಟು ಹದಿನಾರು ಬಿಡಿ ಚಿತ್ರಗಳು. ಹೊಲಿಗೆ ಯಂತ್ರದಲ್ಲಿ ಬಟ್ಟೆ ನಿಂತು ನಿಂತು ಮುಂದೆ ಸರಿಯುವ ರೀತಿಯೇ ಫಿಲ್ಮನ್ನು ಸರಿಸುವ ಉಪಾಯಕ್ಕೆ ಪ್ರೇರಣೆಯಾಯಿತೆಂದು ಲೂಯಿ ಲೂಮಿಯೇರ್ ಹೇಳಿಕೊಂಡಿದ್ದಾನೆ. ಆ ಯಂತ್ರದಲ್ಲಿ ಹಿಡಿಸುತ್ತಿದ್ದ ಫಿಲ್ಮು ಸುಮಾರು 17 ಮೀಟರ್. ಒಂದೊಂದು ಬಿಡಿ ಚಿತ್ರದ ಎತ್ತರ 19 ಮಿಲಿಮೀಟರ್ ಎಂದಿಟ್ಟುಕೊಂಡು ಭಾಗಿಸಿದರೆ ಸುಮಾರು ಒಂಬೈನೂರು ಚಿತ್ರಗಳಾಗುತ್ತವೆ. ಸೆಕೆಂಡಿಗೆ ಹದಿನಾರರಂತೆ ಅವು ಐವತ್ತಾರು ಸೆಕೆಂಡುಗಳ ಕಾಲ ಓಡುತ್ತವೆ. ಮಾತಿನ ಚಿತ್ರಗಳು ಬಂದ ಮೇಲೆ, ಧ್ವನಿ ಸರಿಯಾಗಿ ಕೇಳಬೇಕಾದ್ದರಿಂದ, ಸೆಕೆಂಡಿಗೆ 24 ಚಿತ್ರಗಳೆಂಬ ಖಾಯಂ ಲೆಕ್ಕ ನಿಂತಿತು. ಹದಿನಾರರಲ್ಲಿ ತೆಗೆದದ್ದನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಅದೇ ಫಿಲ್ಮು ಮೂವತ್ತೇಳು ಸೆಕೆಂಡಿನಲ್ಲಿ ಮುಗಿಯುತ್ತದೆ, ತೋಟಗಾರ ನಡೆಯುವ ಬದಲು ಕುಣಿಯುತ್ತಾನೆ.

ಇದರಿಂದ ನಗೆ ಹೆಚ್ಚುತ್ತದೆ ಎಂದು ಭಾವಿಸುವವರಿದ್ದಾರೆ. ನನ್ನ ಅನುಭವದಲ್ಲಿ ಹಾಗಾಗುವುದಿಲ್ಲ. ನಿಂತ ನೀರಿಗೂ ಬಗ್ಗುವ ತಲೆಗೂ ನಡುವೆ ಇರುವ ಆ ಒಂದೆರಡು ಸೆಕೆಂಡುಗಳ ಬಿಡುವೇ ಈ ಚಿತ್ರದ ಜೀವ, ಅದನ್ನು ಕತ್ತರಿಸಿದರೆ "ಹಿಂದುಕ್ಕೆ ನೋಡು" ಎಂದು ಕೂಗಲು ಮಗುವಿಗೆ ಸಮಯವೇ ಸಿಗುವುದಿಲ್ಲ. ಮುಂದಿನ ವರ್ಷಗಳಲ್ಲಿ ಕೆಲವು ಹಾಸ್ಯ ನಿರ್ದೇಶಕರು ಬೇಕೆಂದೇ ನಿಧಾನವಾಗಿ ಹಿಡಿ ತಿರುಗಿಸಿ ಓಟದ ದೃಶ್ಯಗಳಿಗೆ ವೇಗ ಕೊಟ್ಟದ್ದೂ ಉಂಟು, ಆದರೆ ಅದು ಅವರ ಆಯ್ಕೆ. ತಾವು ನೋಡುವ ಪ್ರತಿಯ ಅವಧಿ ಮೂವತ್ತೇಳು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಅದು ವೇಗ ಹೆಚ್ಚಿಸಿ ಓಡಿಸಿದ ಪ್ರತಿ. ಐವತ್ತರ ಹತ್ತಿರವಿದ್ದರೆ ನಂಬಬಹುದು.

ಪ್ರಶ್ನೆ: ಭಾರತದ ಮೊದಲ ಸಿನಿಮಾ ಪ್ರದರ್ಶನದಲ್ಲಿ ಮುಂಬೈಯ ಜನ ಈ ತೋಟಗಾರನ ಚಿತ್ರವನ್ನೇ ಕಂಡು ನಕ್ಕರೆಂದು ಓದಿದ ನೆನಪು. ಇದು ನಿಜವೆ? ಇದನ್ನು ಜಗತ್ತಿನ ಮೊದಲ ಕಥಾಚಿತ್ರ ಎನ್ನಬಹುದೆ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಮೊದಲ ಭಾಗ ನಿಜವಲ್ಲ. 1896ರ ಜುಲೈ 7ರಂದು ವಾಟ್ಸನ್ಸ್ ಹೋಟೆಲಿನಲ್ಲಿ ಲೂಮಿಯೇರರ ಪ್ರತಿನಿಧಿ ಮಾರಿಯಸ್ ಸೆಸ್ತಿಯೆ ತೋರಿಸಿದ ಆರು ಚಿತ್ರಗಳಲ್ಲಿ ರೈಲಿನ ಆಗಮನ, ಸಮುದ್ರಸ್ನಾನ, ಗೋಡೆ ಕೆಡಹುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬರುವುದು ಮುಂತಾದವು ಇದ್ದವು, ತೋಟಗಾರ ಇರಲಿಲ್ಲ. ಎರಡನೆಯದಕ್ಕೆ, 'ಮೊದಲ ಹಾಸ್ಯಚಿತ್ರ' ಎಂದು ಸಾಮಾನ್ಯವಾಗಿ ಒಪ್ಪುತ್ತಾರೆ. 1894ರಲ್ಲೇ ಎಡಿಸನ್ ಕಂಪನಿ ಒಬ್ಬ ಮನುಷ್ಯ ಸೀನುವ ಚಿತ್ರವನ್ನು ತೆಗೆದಿತ್ತು, ಅದೂ ಕ್ಯಾಮೆರಾಕ್ಕಾಗಿ ಮಾಡಿದ ಅಭಿನಯವೇ. ಆದರೆ ಸೀನಿಗೆ ಕಾರಣ, ಪರಿಣಾಮ, ಪ್ರತೀಕಾರ ಎಂಬ ಸರಪಳಿ ಇಲ್ಲ. ತೋಟಗಾರನ ಚಿತ್ರಕ್ಕೆ ಇದೆ. ಚಿತ್ರ ಗೆದ್ದಷ್ಟೇ ಬೇಗ ನಕಲುಗಳೂ ಬಂದವು. 1896ರಲ್ಲಿ ಫ್ರಾನ್ಸಿನದೇ ನಿರ್ದೇಶಕ ಜಾರ್ಜ್ ಮೆಲಿಯೆ ತನ್ನದೊಂದು ತೆಗೆದ, ಸ್ವಲ್ಪ ಸಮಯದಲ್ಲಿ ಅಲ್ಲಿನ ನಿರ್ದೇಶಕಿ ಆಲಿಸ್ ಗಿ ಕೂಡ ತೆಗೆದಳು, ಲೂಮಿಯೇರ್ ಕಂಪನಿಯೇ ಮತ್ತೊಮ್ಮೆ ತೆಗೆಯಿತು. ನಮ್ಮ ಕನ್ನಡದ ಪರದೆ ಮಾತಾಡಲು ಆರಂಭಿಸಿದ್ದು 1934ರಲ್ಲಿ, 'ಸತಿ ಸುಲೋಚನ'ದೊಂದಿಗೆ. ಆ ಹೊತ್ತಿಗೆ ಈ ಚಿತ್ರಕ್ಕೆ ಆಗಲೇ ಮೂವತ್ತೊಂಬತ್ತು ವರ್ಷ.

ಪ್ರಶ್ನೆ: ಶಾಲೆಯಲ್ಲಿ ತೋರಿಸಲು ಹಕ್ಕುಸ್ವಾಮ್ಯದ ಅನುಮತಿ ಬೇಕೆ?
– ಮುಖ್ಯೋಪಾಧ್ಯಾಯರು, ಪಾಂಡವಪುರ

ಉತ್ತರ: ಮೂಲ ಚಿತ್ರಕ್ಕೆ ಬೇಕಿಲ್ಲ. ಭಾರತದಲ್ಲಿ ಸಿನಿಮಾದ ಹಕ್ಕುಸ್ವಾಮ್ಯ ಪ್ರಕಟವಾದ ನಂತರ 60 ವರ್ಷಗಳವರೆಗೆ ಮಾತ್ರ. ಈಚೆಗೆ ಸೇರಿಸಿದ ಸಂಗೀತಕ್ಕೆ ಬೇರೆ ಹಕ್ಕಿರಬಹುದು, ಸಂಗೀತವನ್ನು ನಿಲ್ಲಿಸಿ ಎನ್ನಲು ಇದು ಇನ್ನೊಂದು ಕಾರಣ.

ಪ್ರಶ್ನೆ: ತಮ್ಮ ಬರಹ ಓದಿ ನನ್ನ ಆರು ವರ್ಷದ ಮಗನಿಗೆ ಚಿತ್ರವನ್ನು ತೋರಿಸಿದೆ. ನೀರು ಚಿಮ್ಮಿದಾಗ ನಕ್ಕವನು, ತೋಟಗಾರ ಹುಡುಗನಿಗೆ ಹೊಡೆದಾಗ ಮಂಕಾಗಿ ಎದ್ದು ಹೋದ. ಮಕ್ಕಳನ್ನು ಹೊಡೆಯುವುದನ್ನು ನಗೆಯ ವಿಷಯವಾಗಿ ತೋರಿಸುವುದು ಸರಿಯೆ? ಆ ಭಾಗವನ್ನು ಕತ್ತರಿಸಿ ತೋರಿಸಬಾರದೆ?
– ತಾಯಿ, ಅಶೋಕನಗರ, ಮಂಡ್ಯ

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಯೋಚನೆಗೆ ಹಚ್ಚಿದ್ದು ಇದು. ಮೊದಲಿಗೆ, ತಮ್ಮ ಮಗ ಎದ್ದು ಹೋದದ್ದು ಸರಿಯಾದ ಪ್ರತಿಕ್ರಿಯೆ. ಅವನನ್ನು "ಅದು ಸುಮ್ಮನೆ ಆಟ ಕಣೋ" ಎಂದು ತಿದ್ದಬೇಡಿ. 1895ರಲ್ಲಿ ತುಂಟತನಕ್ಕೆ ಏಟು ಕೊಡುವುದನ್ನು ಫ್ರಾನ್ಸಿನಲ್ಲಾಗಲಿ ನಮ್ಮಲ್ಲಾಗಲಿ ಯಾರೂ ಪ್ರಶ್ನಿಸುತ್ತಿರಲಿಲ್ಲ. ಊರವರ ಮಕ್ಕಳಿಗೆ ಊರವರೆಲ್ಲ ಬುದ್ಧಿ ಹೇಳುವ ಕಾಲ ಅದು, ಬುದ್ಧಿ ಹೇಳುವುದೆಂದರೆ ಬೆತ್ತ ಎತ್ತುವುದು ಎಂದೂ ಆಗಿತ್ತು. ನಾವು ಇಂದು ಅಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಗಳಲ್ಲಿ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಈ ಕಾನೂನಿನ ನಡುವೆ ಬೆಳೆಯುತ್ತಿರುವ ಮಗುವಿಗೆ ಆ ಏಟು ನಗು ತರಿಸದಿದ್ದರೆ ಅದು ಸಮಾಧಾನದ ಸಂಗತಿ.

ಆದರೂ ಕತ್ತರಿಸುವುದನ್ನು ನಾನು ಒಪ್ಪಲಾರೆ. ಹುಡುಗ ಕಾಲೆತ್ತಿ, ನೀರು ಚಿಮ್ಮಿ, ಅಲ್ಲಿಗೆ ಚಿತ್ರ ನಿಂತರೆ, ದುಡಿಯುತ್ತಿರುವ ಮನುಷ್ಯನೊಬ್ಬನನ್ನು ನೆನೆಸಿ ಓಡಿಹೋಗುವುದಷ್ಟೇ ಉಳಿಯುತ್ತದೆ. ಆ ತೋಟಗಾರ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿದ್ದವನು, ಅವನ ಸಿಟ್ಟಿಗೂ ಒಂದು ಜಾಗ ಬೇಕು. ಮದ್ದೂರಿನ ಶಾಲೆಯಲ್ಲಿ ನಾನು ಮಕ್ಕಳನ್ನು ಕೇಳಿದ ಒಂದೇ ಪ್ರಶ್ನೆ ಇದು: ನೀವು ತೋಟಗಾರರಾಗಿದ್ದರೆ ಏನು ಮಾಡುತ್ತಿದ್ದಿರಿ? ನಾಲ್ಕೈದು ಹುಡುಗರು "ನಾವೂ ಬಾರಿಸ್ತಿದ್ವಿ" ಎಂದರು. ಒಬ್ಬ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೈಪ ಅವನ್ ಕೈಗೇ ಕೊಟ್ಟು, ಎಲ್ಲಾ ಗಿಡಕ್ಕೂ ನೀರ್ ಹಾಕುಸ್ತಿದ್ದೆ" ಎಂದಳು. ಮಕ್ಕಳು ಅದಕ್ಕೂ ನಕ್ಕರು, ಯಾಕೆಂದರೆ ಪೈಪು ಹುಡುಗನ ಕೈಗೆ ಬಂದರೆ ಅದರ ಮೇಲೆ ಕಾಲಿಡುವವರು ಯಾರು ಎಂಬ ಯೋಚನೆ ಅವರಿಗೆ ಆಗಲೇ ಬಂದಿತ್ತು.

ನನ್ನ ಸಲಹೆ ಹೀಗಿದೆ. ಏಳೆಂಟು ವರ್ಷವಾಗದ, ಮನಸ್ಸಿಗೆ ಬೇಗ ಹಚ್ಚಿಕೊಳ್ಳುವ ಮಗುವಿಗೆ ಈ ಚಿತ್ರವನ್ನು ತೋರಿಸುವ ಅವಸರ ಬೇಡ. ಆ ವಯಸ್ಸಿಗೆ ಅದೇ ಮೊದಲ ಪ್ರದರ್ಶನದ ಪಟ್ಟಿಯಲ್ಲಿದ್ದ ಇನ್ನೊಂದು ಲೂಮಿಯೇರ್ ಚಿತ್ರವಿದೆ: ಅಪ್ಪ ಅಮ್ಮ ತೋಟದಲ್ಲಿ ಕುಳಿತು ಪುಟ್ಟ ಕೂಸಿಗೆ ಊಟ ಮಾಡಿಸುವುದು, ಹಿಂದೆ ಗಾಳಿಗೆ ಎಲೆಗಳು ಅಲುಗುವುದು, ಅಷ್ಟೆ. ಅದರಲ್ಲಿ ಅಪ್ಪನಾಗಿರುವವನು ಲೂಯಿಯ ಅಣ್ಣ ಒಗುಸ್ತ್ ಲೂಮಿಯೇರ್, ಕೂಸು ಅವನ ಮಗಳೇ. ದೊಡ್ಡವನಾದ ಮೇಲೆ ತೋಟಗಾರನ ಬಳಿಗೆ ಅವನೇ ಬರುತ್ತಾನೆ.

ಪ್ರಶ್ನೆ: ಮಕ್ಕಳ ತುಂಟತನವನ್ನೇ ವಸ್ತುವಾಗಿಸಿಕೊಂಡ ಬೇರೆ ಮೂಕಿ ಚಿತ್ರಗಳನ್ನು ಸೂಚಿಸುವಿರಾ? ಭಾರತದ್ದೂ ಒಂದಿದ್ದರೆ ಚೆನ್ನಾಗಿತ್ತು.
– ಸ್ನಾತಕೋತ್ತರ ವಿದ್ಯಾರ್ಥಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಮೂರನ್ನು ಹೇಳುತ್ತೇನೆ, ಮೂರೂ ಮೂರು ಬಗೆಯವು.

ಅಮೆರಿಕದ ಚಿತ್ರ ನಿರ್ಮಾಪಕ ಹಾಲ್ ರೋಚ್ 1922ರಲ್ಲಿ ಆರಂಭಿಸಿದ 'ಅವರ್ ಗ್ಯಾಂಗ್' ಸರಣಿಯ ಮೂಕಿ ಕಿರುಚಿತ್ರಗಳು ಬಹುಮಟ್ಟಿಗೆ ಎರಡು ರೀಲಿನವು, ಅಂದರೆ ಸುಮಾರು ಇಪ್ಪತ್ತು ನಿಮಿಷದವು. ಬಣ್ಣ ಬಳಿದುಕೊಂಡು ಬಾಯಿಪಾಠ ಒಪ್ಪಿಸುವ ಬಾಲನಟಿಯೊಬ್ಬಳ ಅಭಿನಯ ನೋಡಿ ಬೇಸತ್ತು ಕಿಟಕಿಯ ಹೊರಗೆ ನೋಡಿದಾಗ, ಮರದ ಅಡ್ಡೆಯಿಂದ ಎತ್ತಿಕೊಂಡು ಬಂದ ಕಡ್ಡಿಗಳಿಗಾಗಿ ಬೀದಿ ಮಕ್ಕಳು ಜಗಳವಾಡುತ್ತಿದ್ದುದು ಕಂಡಿತು, ಅದೇ ಸರಣಿಯ ಬೀಜವಾಯಿತು ಎಂದು ರೋಚ್ ಹೇಳಿಕೊಂಡಿದ್ದಾನೆ. ಯಾರಿಗೆ ದೊಡ್ಡ ಕಡ್ಡಿ ಎಂಬ ಆ ಜಗಳವನ್ನು ತಾನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆ ಎಂಬುದೇ ಅವನಿಗೆ ಆಶ್ಚರ್ಯ ತಂದಿತಂತೆ. ಕಪ್ಪು ಮತ್ತು ಬಿಳಿಯ ಮಕ್ಕಳು ಒಂದೇ ಗುಂಪಿನಲ್ಲಿ ಆಡುವುದನ್ನು ಆ ಕಾಲದ ಅಮೆರಿಕದಲ್ಲಿ ತೋರಿಸಿದ್ದು ಇದರ ಹಿರಿಮೆ; ಮೊದಲ ಗುಂಪಿನ ಅರ್ನಿ ಮಾರಿಸನ್ ಆ ದೇಶದ ಮೊದಲ ಕಪ್ಪು ಬಾಲತಾರೆಗಳಲ್ಲಿ ಒಬ್ಬ. ಆದರೆ ಕಪ್ಪು ಮಕ್ಕಳನ್ನು ಕುರಿತು ಅಂದಿನ ಸಮಾಜಕ್ಕಿದ್ದ ಕೀಳು ಹಾಸ್ಯವೂ ಅಲ್ಲಲ್ಲಿ ನುಸುಳಿದೆ. ಮಕ್ಕಳಿಗೆ ತೋರಿಸುವವರು ಪ್ರತಿಯೊಂದನ್ನೂ ಮೊದಲು ತಾವು ನೋಡಿ ಆರಿಸಬೇಕು.

ಎರಡನೆಯದು ಜಪಾನಿನ ನಿರ್ದೇಶಕ ಯಸುಜಿರೊ ಓಝು 1929ರಲ್ಲಿ ತೆಗೆದ 'ತೊಕ್ಕಾನ್ ಕೊಝೊ'. ಕಣ್ಣಾಮುಚ್ಚಾಲೆ ಆಡುತ್ತಿದ್ದ ಹುಡುಗನನ್ನು ಕಳ್ಳನೊಬ್ಬ ಅಪಹರಿಸುತ್ತಾನೆ, ಹುಡುಗನೋ ಕಳ್ಳನನ್ನೂ ಅವನ ಯಜಮಾನನನ್ನೂ ಗೋಳು ಹುಯ್ದುಕೊಂಡು ತಾವೇ ವಾಪಸು ಬಿಟ್ಟುಬರುವಂತೆ ಮಾಡುತ್ತಾನೆ. ಈ ಚಿತ್ರ ಬಹುಕಾಲ ಕಳೆದುಹೋಗಿತ್ತು. ಮನೆಯಲ್ಲಿ ಚಿತ್ರ ನೋಡುವವರಿಗಾಗಿ 1922ರಲ್ಲಿ ಫ್ರಾನ್ಸಿನ ಪಾತೆ ಕಂಪನಿ ತಂದಿದ್ದ 9.5 ಮಿಲಿಮೀಟರಿನ ಕಿರು ಫಿಲ್ಮಿನಲ್ಲಿ ಅದರ ಸಂಕ್ಷಿಪ್ತ ಪ್ರತಿಯೊಂದು ಉಳಿದುಕೊಂಡದ್ದರಿಂದ ನಮಗೆ ದಕ್ಕಿದೆ. ಆ ಹುಡುಗನಾಗಿ ನಟಿಸಿದ ತೊಮಿಯೊ ಅವೊಕಿ ಮುಂದೆ ಈ ಚಿತ್ರದ ಹೆಸರನ್ನೇ ತನ್ನ ತೆರೆಯ ಹೆಸರಾಗಿಸಿಕೊಂಡ. ಲೂಮಿಯೇರನ ಚಿತ್ರದಲ್ಲಿ ಏಟು ಹುಡುಗನಿಗೆ ಬೀಳುತ್ತದೆ, ಇಲ್ಲಿ ಬೀಳುವುದು ದೊಡ್ಡವರ ಅಹಂಕಾರಕ್ಕೆ. ಅಶೋಕನಗರದ ತಾಯಿಯವರ ಮಗ ಹತ್ತು ವರ್ಷದವನಾದಾಗ ಇದನ್ನು ಖಂಡಿತ ನೋಡಲಿ.

ಮೂರನೆಯದು ನಮ್ಮದು: ದಾದಾಸಾಹೇಬ್ ಫಾಲ್ಕೆಯವರ 1919ರ 'ಕಾಳಿಯ ಮರ್ದನ'. ಇದು ಕಿರುಚಿತ್ರವಲ್ಲ, ಪೌರಾಣಿಕ ಚಿತ್ರ. ಆದರೂ ಇದರ ಬಹುಭಾಗ ಗೋಕುಲದ ಮಕ್ಕಳ ಕಿತಾಪತಿಯೇ. ಅದರಲ್ಲಿ ಗೆಳೆಯನೊಬ್ಬನ ಮೇಲೆ ನೆರೆಮನೆಯಾಕೆ ನೀರೆರಚುತ್ತಾಳೆ, ಬಾಲಕೃಷ್ಣನ ಪಡೆ ಆಕೆಯ ಬೆಣ್ಣೆಯನ್ನು ಕದ್ದು ಸೇಡು ತೀರಿಸಿಕೊಳ್ಳುತ್ತದೆ. ಇಲ್ಲಿ ನೀರೆರೆಯುವುದು ದೊಡ್ಡವರು, ನೆನೆಯುವುದು ಮಗು. ಪ್ಯಾರಿಸಿನ ಲೆಕ್ಕ ಗೋಕುಲದಲ್ಲಿ ತಿರುವುಮುರುವು. ಮನೆಮನೆಯಲ್ಲೂ ಕೃಷ್ಣನ ಬೆಣ್ಣೆಗಳ್ಳತನವನ್ನು ಹಾಡಿಕೊಂಡೇ ಮಕ್ಕಳಿಗೆ ತುತ್ತು ತಿನ್ನಿಸುವ ನಮ್ಮ ನಾಡಿನವರಿಗೆ ಈ ಚೇಷ್ಟೆಯ ಮುನ್ನುಡಿ ಬೇಕಿಲ್ಲ.

ಕೃಷ್ಣನ ಪಾತ್ರ ಮಾಡಿದ್ದು ಫಾಲ್ಕೆಯವರ ಮಗಳು, ಏಳು ವರ್ಷದ ಮಂದಾಕಿನಿ. ಕಥೆ ಆರಂಭವಾಗುವ ಮೊದಲೇ ಫಾಲ್ಕೆ ಆ ಹುಡುಗಿಯನ್ನು ಕ್ಯಾಮೆರಾದ ಮುಂದೆ ಕೂರಿಸಿ, ಏಳು ವರ್ಷದ ಬಾಲಕಿಯೊಬ್ಬಳ ಮುಖಭಾವಗಳ ಅಭ್ಯಾಸವೆಂದು ಬರೆದು ತೋರಿಸಿ, ನಗು, ಸಿಟ್ಟು, ಅಳು ಒಂದರ ಹಿಂದೊಂದು ಅವಳ ಮುಖದಲ್ಲಿ ಹಾದುಹೋಗುವುದನ್ನು ನಮಗೆ ಕಾಣಿಸುತ್ತಾರೆ. ಅದಾದ ಮೇಲೆ ನಮ್ಮ ಕಣ್ಣೆದುರಿಗೇ ಅವಳು ಕೃಷ್ಣನಾಗುತ್ತಾಳೆ.